ಅಳು ನಿಲ್ಲಿಸಿದ ಮಗು ಆರಾಮಾಗಿದೆಯೇ? ಸೇನಾ ವೈದ್ಯರ ಮಗ ಜಾನ್ ಬೌಲ್ಬಿ ಕಂಡುಕೊಂಡ ಸತ್ಯ

ಅಪ್ಪನಿಗೆ ಗಡಿಗೆ ಪೋಸ್ಟಿಂಗ್ ಆಗಿದೆ. ಮಗು ಎರಡು ದಿನ ಅತ್ತಿತು, ಮೂರನೆಯ ದಿನ ಸುಮ್ಮನಾಯಿತು. ಚಿಕ್ಕ ಮಕ್ಕಳಿಗೆ ಏನು ತಿಳಿಯುತ್ತದೆ, ಬೇಗ ಮರೆತುಬಿಡುತ್ತವೆ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕೆಲವು ತಿಂಗಳ ನಂತರ ಶಾಲೆಯಿಂದ ಒಂದು ಪ್ರಶ್ನಾವಳಿ ಬರುತ್ತದೆ. ಮಗುವಿಗೆ ನಿದ್ದೆ ಸರಿಯಾಗಿ ಬರುತ್ತಿದೆಯೇ, ಆಗಾಗ ಹೊಟ್ಟೆನೋವು ಎನ್ನುತ್ತದೆಯೇ, ಮೊದಲಿಗಿಂತ ಹೆಚ್ಚು ಚಿಂತೆ ಮಾಡುತ್ತದೆಯೇ? ಅದನ್ನು ಓದಿದ ಕೂಡಲೇ, ನಮ್ಮ ಮಗುವಿಗೇನು ಹುಚ್ಚು ಹಿಡಿದಿದೆಯೇ ಎಂಬ ಸಿಟ್ಟು ಬರುತ್ತದೆ.

ಇಲ್ಲಿ ಎರಡು ನಂಬಿಕೆಗಳಿವೆ. ಸುಮ್ಮನಿರುವ ಮಗು ಆರಾಮಾಗಿದೆ ಎಂಬುದು ಒಂದು. ಮನಸ್ಸಿನ ಬಗ್ಗೆ ಪ್ರಶ್ನೆ ಕೇಳುವುದೆಂದರೆ ಮಗುವಿಗೆ ಹಣೆಪಟ್ಟಿ ಅಂಟಿಸುವುದು ಎಂಬುದು ಇನ್ನೊಂದು. ಇವೆರಡೂ ಎಷ್ಟು ನಿಜ? ಇದನ್ನು ತಿಳಿಯಲು ನಾವು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿಯವರ ಬದುಕನ್ನು ನೋಡೋಣ.

ಯುದ್ಧಕ್ಕೆ ಹೋದ ಅಪ್ಪ, ಬೋರ್ಡಿಂಗ್‌ಗೆ ಹೋದ ಮಗ

ಜಾನ್ ಹುಟ್ಟಿದ್ದು 1907ರ ಫೆಬ್ರವರಿ 26ರಂದು, ಲಂಡನ್ನಿನಲ್ಲಿ. ಆರು ಮಕ್ಕಳಲ್ಲಿ ಅವನು ನಾಲ್ಕನೆಯವನು. ತಂದೆ ಸರ್ ಆಂಥನಿ ಬೌಲ್ಬಿ ಹೆಸರಾಂತ ಶಸ್ತ್ರಚಿಕಿತ್ಸಕ. ಆ ತಂದೆಯ ಬಾಲ್ಯದಲ್ಲೂ ಯುದ್ಧದ ನೆರಳಿತ್ತು. ಆಂಥನಿಗೆ ಐದು ವರ್ಷವಾಗಿದ್ದಾಗ, ಯುದ್ಧದ ವರದಿಗೆಂದು ಚೀನಾಕ್ಕೆ ಹೋಗಿದ್ದ ಅವರ ತಂದೆ ಅಲ್ಲಿ ಸೆರೆಸಿಕ್ಕಿ ತೀರಿಕೊಂಡಿದ್ದರು.

ಅಂದಿನ ಶ್ರೀಮಂತ ಇಂಗ್ಲಿಷ್ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ದಾದಿಯರು. ಜಾನ್ ತಾಯಿಯನ್ನು ಕಾಣುತ್ತಿದ್ದದ್ದು ದಿನಕ್ಕೆ ಸುಮಾರು ಒಂದು ಗಂಟೆ, ಸಂಜೆಯ ಚಹಾದ ನಂತರ. ಹೆಚ್ಚು ಮುದ್ದು ಮಾಡಿದರೆ ಮಗು ಕೆಡುತ್ತದೆ ಎಂಬ ನಂಬಿಕೆ ಆ ವರ್ಗದಲ್ಲಿ ಬೇರೂರಿತ್ತು. ಅವನನ್ನು ನಿಜವಾಗಿ ಸಾಕಿದ್ದು ಮಿನ್ನಿ ಎಂಬ ದಾದಿ. ಅವನಿಗೆ ಸುಮಾರು ನಾಲ್ಕು ವರ್ಷವಾದಾಗ ಆಕೆ ಕೆಲಸ ಬಿಟ್ಟು ಹೋದಳು. ಆ ಅಗಲಿಕೆ ತಾಯಿಯನ್ನು ಕಳೆದುಕೊಂಡಷ್ಟೇ ನೋವು ಕೊಟ್ಟಿತೆಂದು ಬೌಲ್ಬಿ ಮುಂದೆ ನೆನೆದದ್ದುಂಟು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ತಂದೆ ಸೇನೆಯ ಶಸ್ತ್ರಚಿಕಿತ್ಸಕರಾಗಿ ಫ್ರಾನ್ಸಿಗೆ ಹೋದರು. ಯುದ್ಧ ಮುಗಿಯುವವರೆಗೂ ಅವರು ಮನೆಗೆ ಬರುತ್ತಿದ್ದದ್ದು ಅಪರೂಪ. 1918ರಲ್ಲಿ ಜಾನ್ ಮತ್ತು ಅಣ್ಣ ಟೋನಿಯನ್ನು ಬೋರ್ಡಿಂಗ್ ಶಾಲೆಗೆ ಕಳಿಸಲಾಯಿತು. ಲಂಡನ್ನಿನ ಮೇಲೆ ಬಾಂಬ್ ದಾಳಿಯ ಭಯವಿದೆ ಎಂಬುದು ಮನೆಯವರು ಕೊಟ್ಟ ಕಾರಣ. ಹದಿನಾಲ್ಕರ ಹೊತ್ತಿಗೆ ಅವನು ಡಾರ್ಟ್‌ಮತ್‌ನ ರಾಯಲ್ ನೇವಲ್ ಕಾಲೇಜು ಸೇರಿದ. ಓದಿನಲ್ಲಿ ಮುಂದಿದ್ದ. ಆದರೆ ನೌಕಾಪಡೆಯ ಬದುಕು ತನಗೆ ಒಗ್ಗದೆಂದು ಅರಿವಾಗಿ ಹೊರಬಂದು, ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ ಹೋದ.

ದೂರವಿದ್ದ ಅಪ್ಪ, ಮನೆಯಿಂದ ದೂರದ ಶಾಲೆ, ಶಿಸ್ತಿನ ಸಮವಸ್ತ್ರ, ಒಳ್ಳೆಯ ಅಂಕಗಳು. ಹೊರಗಿನಿಂದ ನೋಡಿದವರಿಗೆ ಈ ಹುಡುಗನಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ.

ಕದಿಯುವ ಮಕ್ಕಳ ಹಿಂದಿನ ಕಥೆ

1928ರಲ್ಲಿ ಕೇಂಬ್ರಿಡ್ಜ್ ಮುಗಿಸಿದ ಬೌಲ್ಬಿ, ಬೇರೆ ಶಾಲೆಗಳು ಬೇಡವೆಂದ ಮಕ್ಕಳಿಗಾಗಿ ಇದ್ದ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಮಗುವಿನ ಇಂದಿನ ನಡವಳಿಕೆಗೂ ಅದು ಹಿಂದೆ ಅನುಭವಿಸಿದ ಅಗಲಿಕೆಗಳಿಗೂ ನಂಟಿರಬಹುದೆಂಬ ಯೋಚನೆ ಅವರಲ್ಲಿ ಬೇರೂರಿದ್ದು ಅಲ್ಲಿ. ಆಮೇಲೆ ವೈದ್ಯಕೀಯ ಓದಿದರು, ಮನೋವಿಶ್ಲೇಷಣೆಯ ತರಬೇತಿ ಪಡೆದರು. 1936ರಿಂದ ಲಂಡನ್ನಿನ ಮಕ್ಕಳ ಮಾರ್ಗದರ್ಶನ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದರು.

ಅಲ್ಲಿಗೆ ಬರುತ್ತಿದ್ದವರಲ್ಲಿ ಕದಿಯುವ ಚಾಳಿಯ ಮಕ್ಕಳೂ ಇದ್ದರು. ಬೌಲ್ಬಿ ಅಂಥ 44 ಮಕ್ಕಳನ್ನು, ಅದೇ ಕ್ಲಿನಿಕ್‌ಗೆ ಬೇರೆ ತೊಂದರೆಗಳಿಂದ ಬಂದಿದ್ದ 44 ಮಕ್ಕಳೊಂದಿಗೆ ಹೋಲಿಸಿದರು. ಕದಿಯುತ್ತಿದ್ದವರಲ್ಲಿ 14 ಮಕ್ಕಳಿಗೆ ಯಾರ ಮೇಲೂ ಪ್ರೀತಿಯೇ ಇಲ್ಲದಂತೆ ಕಾಣುತ್ತಿತ್ತು. ಆ 14ರಲ್ಲಿ 12 ಮಕ್ಕಳು ಎಳವೆಯಲ್ಲಿ ತಾಯಿಯಿಂದ ಅಥವಾ ಸಾಕಿದವರಿಂದ ದೀರ್ಘಕಾಲ ದೂರವಿದ್ದವರು. ಕದಿಯುತ್ತಿದ್ದ ಉಳಿದ 30 ಮಕ್ಕಳಲ್ಲಿ ಅಂಥವರು 5. ಕದಿಯದಿದ್ದ 44 ಮಕ್ಕಳಲ್ಲಿ ಕೇವಲ 2. ಈ ವರದಿ 1944ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 88 ಮಕ್ಕಳು ಬಹಳ ಚಿಕ್ಕ ಸಂಖ್ಯೆ. ಮಾಹಿತಿ ಸಂಗ್ರಹಿಸಿದ್ದೂ ತೀರ್ಮಾನ ಮಾಡಿದ್ದೂ ಒಂದೇ ಕ್ಲಿನಿಕ್. ಅಮ್ಮನಿಂದ ದೂರವಾದ ಮಗು ಕಳ್ಳನಾಗುತ್ತದೆ ಎಂಬುದಕ್ಕೆ ಇದು ಪುರಾವೆಯಲ್ಲ. ಕೆಟ್ಟ ಮಗು ಎಂದು ಬೈಯುವ ಮುನ್ನ ಅದರ ಹಿಂದಿನ ಬದುಕನ್ನು ವಿಚಾರಿಸಬೇಕು ಎಂಬುದಷ್ಟೇ ಇದರಿಂದ ಕಲಿಯಬೇಕಾದ ಪಾಠ.

ಈ ನಡುವೆ 1939ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಬಾಂಬ್ ಭಯದಿಂದ ಕೆಲವೇ ದಿನಗಳಲ್ಲಿ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಲಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲಾ ಮಕ್ಕಳು. ಆ ಡಿಸೆಂಬರ್‌ನಲ್ಲಿ ಬೌಲ್ಬಿ, ಡೊನಾಲ್ಡ್ ವಿನಿಕಾಟ್ ಮತ್ತು ಎಮಾನ್ಯುಯೆಲ್ ಮಿಲ್ಲರ್ ಜೊತೆ ಸೇರಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಪತ್ರ ಬರೆದರು. ಎರಡರಿಂದ ಐದು ವರ್ಷದ ಮಕ್ಕಳನ್ನು ತಾಯಿಯಿಲ್ಲದೆ ಕಳಿಸುವುದರಿಂದ ಅವರ ಮನಸ್ಸಿಗೆ ದೊಡ್ಡ ಹಾನಿಯಾಗಬಹುದು ಎಂದು ಎಚ್ಚರಿಸಿದರು.

ಆರಿಸುವ ಪರೀಕ್ಷೆ ಬೇರೆ, ಗುರುತಿಸುವ ತಪಾಸಣೆ ಬೇರೆ

1940ರಲ್ಲಿ ಬೌಲ್ಬಿ ಸೇನೆಯ ವೈದ್ಯಕೀಯ ದಳ ಸೇರಿದರು. ಅಧಿಕಾರಿಗಳ ಆಯ್ಕೆಗಾಗಿ ಸೇನೆ ಆಗ ಹೊಸ ವಿಧಾನವನ್ನು ರೂಪಿಸುತ್ತಿತ್ತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಮತ್ತು ಸೇನಾಧಿಕಾರಿಗಳು ಒಟ್ಟಿಗೆ ಕೂತು ಅಭ್ಯರ್ಥಿಗಳನ್ನು ಪರೀಕ್ಷಿಸುತ್ತಿದ್ದರು. ಆ ವಿಧಾನ ನಿಜಕ್ಕೂ ಸರಿಯಾದವರನ್ನು ಆರಿಸುತ್ತಿದೆಯೇ ಎಂದು ಅಧ್ಯಯನ ಮಾಡಿದ ತಂಡದಲ್ಲಿ ಬೌಲ್ಬಿ ಇದ್ದರು. ಅಂಕಿ-ಅಂಶಗಳನ್ನು ಕಟ್ಟುನಿಟ್ಟಾಗಿ ಬಳಸುವುದನ್ನು ಅವರು ಅಲ್ಲಿ ಕಲಿತರು. ಅದೇ ಮಾದರಿ ಯುದ್ಧದ ದಿನಗಳಲ್ಲೇ ಭಾರತಕ್ಕೂ ಬಂತು. ಇಂದು ನಮ್ಮ ಯುವಕ-ಯುವತಿಯರು ಬೆಂಗಳೂರಿನ ಕೇಂದ್ರದಲ್ಲೂ ಎದುರಿಸುವ ಎಸ್‌ಎಸ್‌ಬಿ ಸಂದರ್ಶನ ಅದೇ ಬಳ್ಳಿಯ ಕುಡಿ.

ಸೇನಾ ಕುಟುಂಬಗಳು ಶಾಲೆಯ ಪ್ರಶ್ನಾವಳಿಗೆ ಹೆದರುವುದೇಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ಸೇನೆಯಲ್ಲಿ ಮನಸ್ಸಿನ ಪರೀಕ್ಷೆ ಎಂದರೆ ಆಯ್ಕೆ ಅಥವಾ ತಿರಸ್ಕಾರ. ಆದರೆ ಶಾಲೆಯ ತಪಾಸಣೆಯ ಉದ್ದೇಶ ಇದಕ್ಕೆ ತದ್ವಿರುದ್ಧ. ಅದರಲ್ಲಿ ಪಾಸು-ಫೇಲು ಇಲ್ಲ. ಯಾರನ್ನೂ ಹೊರಗೆ ಹಾಕುವುದಕ್ಕಲ್ಲ, ಯಾರಿಗೆ ಸ್ವಲ್ಪ ಹೆಚ್ಚು ಗಮನ ಬೇಕೆಂದು ತಿಳಿಯುವುದಕ್ಕಾಗಿ ಅದು ಇರುವುದು.

ಸುಮ್ಮನಾದ ಮಗುವಿನ ಒಳಗೆ

ಯುದ್ಧದ ನಂತರ ಬೌಲ್ಬಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನ ಮಕ್ಕಳ ವಿಭಾಗದ ಮುಖ್ಯಸ್ಥರಾದರು. ಆಸ್ಪತ್ರೆಗೆ ಸೇರಿದ ಮಕ್ಕಳನ್ನು ಗಮನಿಸಲು 1948ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಅವರ ತಂಡ ಸೇರಿದರು. ಆಗಿನ ಆಸ್ಪತ್ರೆಗಳಲ್ಲಿ ತಂದೆತಾಯಿಗೆ ಮಗುವನ್ನು ನೋಡಲು ಬಹಳ ಕಡಿಮೆ ಅವಕಾಶವಿತ್ತು. ಅವರು ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂಬುದು ಸಿಬ್ಬಂದಿಯ ವಾದ.

ರಾಬರ್ಟ್‌ಸನ್ ಮತ್ತು ಬೌಲ್ಬಿ ಮೂರು ಹಂತಗಳನ್ನು ಗುರುತಿಸಿದರು. ಮೊದಲು ಮಗು ಅತ್ತು ಪ್ರತಿಭಟಿಸುತ್ತದೆ. ಆಮೇಲೆ ಆಸೆ ಬಿಟ್ಟು ಮಂಕಾಗುತ್ತದೆ. ಕೊನೆಗೆ ಎಲ್ಲರ ಜೊತೆ ಚೆನ್ನಾಗಿಯೇ ಇರುವಂತೆ ಕಾಣುತ್ತದೆ, ಆದರೆ ಅಮ್ಮ ಬಂದಾಗ ಮುಖ ತಿರುಗಿಸುತ್ತದೆ. ಸಿಬ್ಬಂದಿ ಹೊಂದಾಣಿಕೆ ಎಂದುಕೊಂಡಿದ್ದ ಈ ಮೂರನೆಯ ಹಂತವೇ ಹೆಚ್ಚು ಚಿಂತೆಯದು. 1952ರಲ್ಲಿ ರಾಬರ್ಟ್‌ಸನ್ ಎರಡು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ಕಳೆದ ಎಂಟು ದಿನಗಳ ಚಿತ್ರ ತೋರಿಸಿದಾಗ ವೈದ್ಯರಲ್ಲಿ ಅನೇಕರು ಸಿಟ್ಟಾದರು. ಆದರೆ 1959ರಲ್ಲಿ ಬ್ರಿಟನ್ನಿನ ಪ್ಲಾಟ್ ವರದಿ, ತಂದೆತಾಯಿ ಮಗುವನ್ನು ಯಾವಾಗ ಬೇಕಾದರೂ ನೋಡುವಂತಿರಬೇಕು ಎಂದು ಶಿಫಾರಸು ಮಾಡಿತು.

ಬೌಲ್ಬಿಯ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ ಕೂಡ ಯುದ್ಧಕಾಲದಲ್ಲಿ ಕೆನಡಾದ ಸೇನೆಯಲ್ಲಿದ್ದವರು. ಒಂದು ವರ್ಷದ ಮಗುವನ್ನು ಬಿಟ್ಟು ತಾಯಿ ಮೂರು ನಿಮಿಷ ಹೊರಹೋದರೆ ಮಗು ಏನು ಮಾಡುತ್ತದೆ, ತಾಯಿ ಮರಳಿದಾಗ ಹೇಗೆ ಸ್ವಾಗತಿಸುತ್ತದೆ ಎಂದು ಅವರು ಗಮನಿಸಿದರು. ಕೆಲವು ಮಕ್ಕಳು ಅಳುವುದೇ ಇಲ್ಲ, ಆಟ ಮುಂದುವರಿಸುತ್ತವೆ. ಮುಂದೆ ಬೇರೆ ಸಂಶೋಧಕರು ಅಂಥ ಮಕ್ಕಳ ಎದೆಬಡಿತ ಅಳೆದಾಗ ಅದು ಏರಿತ್ತು. ಮುಖ ಶಾಂತವಾಗಿದ್ದರೂ ದೇಹ ಆತಂಕದಲ್ಲಿತ್ತು.

ಬೌಲ್ಬಿ ಹೆಸರಿನಲ್ಲಿ ಹರಿದಾಡುವ ತಪ್ಪು ಮಾತು

ವಿಶ್ವ ಆರೋಗ್ಯ ಸಂಸ್ಥೆಗಾಗಿ ಬೌಲ್ಬಿ ಬರೆದ ವರದಿ 1951ರಲ್ಲಿ ಹೊರಬಂತು. ಅದನ್ನು ಹಿಡಿದು, ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಹಾಳುಮಾಡುತ್ತಾರೆ ಎಂದು ಹೇಳುವವರು ಇಂದಿಗೂ ಇದ್ದಾರೆ. ಆ ವರದಿಯ ಮುಖ್ಯ ವಿಷಯ ಅನಾಥಾಲಯ, ಆಸ್ಪತ್ರೆಗಳಲ್ಲಿ ದೀರ್ಘಕಾಲ ಬೆಳೆದ ಮಕ್ಕಳು. ತಾಯಿಯ ಪಾತ್ರಕ್ಕೆ ಬೌಲ್ಬಿ ಅತಿಯಾದ ಒತ್ತು ಕೊಟ್ಟದ್ದು ನಿಜ. 1972ರಲ್ಲಿ ಮೈಕೆಲ್ ರಟ್ಟರ್ ಇದನ್ನು ಮರುಪರಿಶೀಲಿಸಿದರು. ಮಗು ತಂದೆ, ಅಜ್ಜಿ ಮುಂತಾದ ಹಲವರೊಂದಿಗೆ ಬಾಂಧವ್ಯ ಬೆಳೆಸಬಲ್ಲದು. ಅಗಲಿಕೆಯೊಂದೇ ಅಲ್ಲ, ಮನೆಯ ಜಗಳ ಮತ್ತು ಒತ್ತಡವೂ ಮುಖ್ಯ. ಎಳವೆಯ ಪೆಟ್ಟು ಜೀವನಪೂರ್ತಿ ಉಳಿಯಲೇಬೇಕೆಂದಿಲ್ಲ ಎಂದು ತೋರಿಸಿಕೊಟ್ಟರು. ಹಾಗಾಗಿ ಅಪ್ಪ ಗಡಿಯಲ್ಲಿದ್ದಾರೆ ಎಂದ ಮಾತ್ರಕ್ಕೆ ಮಗುವಿಗೆ ಕಾಯಿಲೆ ಬರುತ್ತದೆ ಎಂದಲ್ಲ. ಹೆಚ್ಚಿನ ಮಕ್ಕಳು ನಿಭಾಯಿಸುತ್ತಾರೆ. ಯಾರಿಗೆ ಕಷ್ಟವಾಗುತ್ತಿದೆ ಎಂಬುದು ಮುಖ ನೋಡಿದರೆ ತಿಳಿಯುವುದಿಲ್ಲ, ಅಷ್ಟೇ.

ಇಂದಿನ ಪ್ರಶ್ನಾವಳಿ ಹೇಗೆ ಕೆಲಸ ಮಾಡುತ್ತದೆ?

ಈ ಪ್ರಶ್ನಾವಳಿಗಳನ್ನು ರೂಪಿಸಿದವರು ಬೌಲ್ಬಿ ಅಲ್ಲ. ಆದರೆ ಮಗುವಿನ ಮೌನವನ್ನು ನಂಬಿ ಕೂರಬಾರದು ಎಂಬ ಅವರ ಪಾಠ ಇವುಗಳಿಗೂ ಅನ್ವಯಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದರಲ್ಲಿ 35 ಅಂಶಗಳಿವೆ. ಪ್ರತಿಯೊಂದಕ್ಕೂ ಇಲ್ಲ, ಕೆಲವೊಮ್ಮೆ, ಆಗಾಗ ಎಂಬ ಉತ್ತರಗಳು. ಅವಕ್ಕೆ 0, 1, 2 ಅಂಕ. ಶಾಲಾ ವಯಸ್ಸಿನ ಮಗುವಿಗೆ ಒಟ್ಟು 28 ಅಥವಾ ಹೆಚ್ಚು ಬಂದರೆ, ತಜ್ಞರು ಒಮ್ಮೆ ಮಾತಾಡಿಸುವುದು ಒಳ್ಳೆಯದು ಎಂದರ್ಥ. ಕಾಯಿಲೆ ಇದೆ ಎಂದರ್ಥವಲ್ಲ. ಶಾಲೆಯಲ್ಲಿ ಕಣ್ಣಿನ ತಪಾಸಣೆ ಮಾಡಿದಂತೆಯೇ ಇದು. ಅಕ್ಷರ ಮಸುಕಾಗಿ ಕಂಡರೆ ವೈದ್ಯರ ಬಳಿ ಕಳಿಸುತ್ತಾರೆ, ಅಲ್ಲೇ ಕನ್ನಡಕ ಹಾಕುವುದಿಲ್ಲ.

ಇದೇ ಪ್ರಶ್ನಾವಳಿ ಬಳಸಿದ ಅಮೆರಿಕದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸಂಗಾತಿ ಯುದ್ಧಭೂಮಿಗೆ ಹೋಗಿದ್ದ 101 ಸೇನಾ ಕುಟುಂಬಗಳಲ್ಲಿ, 5ರಿಂದ 12 ವರ್ಷದ ಮಕ್ಕಳ ಪೈಕಿ ಸುಮಾರು ಮೂರನೇ ಒಂದು ಭಾಗ ಹೆಚ್ಚಿನ ಅಪಾಯದ ಗುಂಪಿನಲ್ಲಿತ್ತು. ಮಗುವಿನ ತೊಂದರೆಯೊಂದಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದದ್ದು ಮನೆಯಲ್ಲಿ ಉಳಿದ ಪೋಷಕರ ಒತ್ತಡ. ಮಗುವನ್ನು ನೋಡಿಕೊಳ್ಳುವವರಿಗೆ ಆಸರೆ ಸಿಗದೆ ಮಗುವಿಗೆ ಸಹಾಯವಾಗದು ಎಂದು ಬೌಲ್ಬಿ 1951ರಲ್ಲೇ ವಾದಿಸಿದ್ದರು.

ತಪಾಸಣೆಗೂ ಮಿತಿಯಿದೆ. ತೊಂದರೆ ಇಲ್ಲದ ಮಗುವಿಗೆ ಹೆಚ್ಚು ಅಂಕ ಬರಬಹುದು, ತೊಂದರೆ ಇರುವ ಮಗು ತಪ್ಪಿಹೋಗಬಹುದು. ಮುಂದೆ ಆಪ್ತಸಮಾಲೋಚಕರಾಗಲಿ ವೈದ್ಯರಾಗಲಿ ಸಿಗದಿದ್ದರೆ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಹಾಗಾಗಿ ಪೋಷಕರು ಶಾಲೆಯನ್ನು ಮೂರು ವಿಷಯ ಕೇಳಬೇಕು. ಉತ್ತರಗಳನ್ನು ಯಾರು ಓದುತ್ತಾರೆ? ಅವು ಗೋಪ್ಯವಾಗಿರುತ್ತವೆಯೇ? ಅಂಕ ಹೆಚ್ಚು ಬಂದರೆ ಮುಂದೇನು? ಇದಕ್ಕೆ ನೇರ ಉತ್ತರ ಸಿಕ್ಕರೆ ಪ್ರಶ್ನಾವಳಿಯನ್ನು ಮುಚ್ಚುಮರೆಯಿಲ್ಲದೆ ತುಂಬಬಹುದು.

ಜಾನ್ ಬೌಲ್ಬಿ 1990ರ ಸೆಪ್ಟೆಂಬರ್ 2ರಂದು, 83ನೇ ವಯಸ್ಸಿನಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ತೀರಿಕೊಂಡರು. ಅವರ ಕೆಲವು ಮಾತುಗಳನ್ನು ವಿಜ್ಞಾನ ತಿದ್ದಿದೆ. ಆದರೆ ಚಿಕ್ಕ ಮಕ್ಕಳು ಬೇಗ ಮರೆಯುತ್ತವೆ ಎಂಬ ನಂಬಿಕೆಯನ್ನು ಪ್ರಶ್ನಿಸಿದ್ದರಲ್ಲಿ ಅವರು ತಪ್ಪಿರಲಿಲ್ಲ.

ಅಪ್ಪ ಅಥವಾ ಅಮ್ಮ ದೂರ ಹೋದ ಮೇಲೆ ಮಗುವಿನ ನಿದ್ದೆ, ಊಟ, ಆಟ, ಗೆಳೆತನ ಬದಲಾಗಿ ಹಲವು ವಾರಗಳಾದರೂ ಸರಿಹೋಗದಿದ್ದರೆ ಶಾಲೆಯ ಆಪ್ತಸಮಾಲೋಚಕರೊಂದಿಗೆ ಇಲ್ಲವೇ ಮಕ್ಕಳ ವೈದ್ಯರೊಂದಿಗೆ ಮಾತಾಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಬಂಧುಗಳಲ್ಲಿ ಯಾರಾದರೂ ಸೇನೆಯಲ್ಲಿದ್ದರೆ, ಮನೆಯಲ್ಲಿ ಮಕ್ಕಳೊಂದಿಗಿರುವವರಿಗೆ ಇದನ್ನು ಕಳಿಸಿ. ಜೊತೆಗೆ ಒಂದು ಫೋನ್ ಮಾಡಿ ಅವರು ಹೇಗಿದ್ದಾರೆಂದೂ ವಿಚಾರಿಸಿ.