ಬಾಗದ ಬೆನ್ನು

ಎರಡು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ವಿಜಯಪುರಕ್ಕೆ ಹೋಗಿದ್ದೆ. ಗೋಳಗುಮ್ಮಟದ ಮೂಲೆಯ ಗೋಪುರದೊಳಗಿನ ಮೆಟ್ಟಿಲುಗಳನ್ನು ಹುಡುಗರು ಓಡುತ್ತಲೇ ಏರಿದರು. ನಾನು ಮಾತ್ರ ಕೆಳಗೆ ಉಳಿದೆ. ಸ್ವಲ್ಪ ಹೊತ್ತಿನಲ್ಲಿ ಅವರ ಕೂಗು ಗುಮ್ಮಟಕ್ಕೆ ತಾಗಿ, ಮತ್ತೆ ಮತ್ತೆ ಮರುದನಿಗೊಂಡು ಕೆಳಗಿಳಿದು ಬಂತು. ಏರಲು ಮನಸ್ಸಿಲ್ಲದೆ ನಿಂತವನಲ್ಲ, ಏರಲಾರದೆ ನಿಂತವನು. ಹಾಗೆಂದು ಹೇಳಿಕೊಳ್ಳಲು ನಾಚಿಕೆಯಾಗಿ, ಮೊದಲೇ ನೋಡಿದ್ದೇನೆಂದು ನೆಪ ಹೇಳಿದ್ದೆ.

ಕೆಲವು ವರ್ಷಗಳಿಂದ ನನ್ನ ಸೊಂಟದ ನರವೊಂದು ನನ್ನ ಮೇಲೆ ಮುನಿದಿದೆ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಯೊಂದು ಹೊರಚಾಚಿ, ಅಲ್ಲಿಂದ ಹೊರಡುವ ನರದ ಬೇರನ್ನು ಒತ್ತುತ್ತಿದೆಯೆಂದು ವೈದ್ಯರು ಚಿತ್ರ ತೆಗೆದು ತೋರಿಸಿದರು. ಕೇಡು ಇರುವುದು ಸೊಂಟದಲ್ಲಿ. ನೋವು ಹರಿಯುವುದು ತೊಡೆಯ ಹಿಂಬದಿಯಿಂದ ಪಾದದವರೆಗೆ. ಆ ದಾರಿಯಲ್ಲಿ ಸಾಗುವ ನರವೇ ದೇಹದ ನರಗಳಲ್ಲೆಲ್ಲ ದಪ್ಪವೂ ಉದ್ದವೂ ಆದುದು. ಆಯುರ್ವೇದದಲ್ಲಿ ಈ ಬೇನೆಗೆ ಗೃಧ್ರಸೀ ಎಂದು ಹೆಸರು. ರೋಗಿಯ ನಡಿಗೆ ರಣಹದ್ದಿನ ನಡಿಗೆಯನ್ನು ಹೋಲುವುದರಿಂದ ಆ ಹೆಸರೆಂದು ಬಲ್ಲವರು ವಿವರಿಸುತ್ತಾರೆ. ರಾಯಾಪುರದ ಮನೆಯಿಂದ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಸೀಟು ತೆರವಿದ್ದರೂ ನಾನು ಕಂಬ ಹಿಡಿದು ನಿಂತೇ ಇರುತ್ತೇನೆ; ಕುಳಿತರೆ ನೋವು ಹೆಚ್ಚು. ಸೊಂಟಕ್ಕೆ ಪಟ್ಟಿ ಬಿಗಿದಿರುವುದರಿಂದ ಯಾರಾದರೂ ಹಿಂದಿನಿಂದ ಕರೆದರೆ ಥಟ್ಟನೆ ತಿರುಗಲಾರೆ, ಹಿರಿಯರು ಎದುರಾದರೆ ಬಾಗಿ ನಮಸ್ಕರಿಸಲಾರೆ. ಈ ಮಾಸ್ತರರಿಗೆ ಬಿಗುಮಾನ ಬಹಳವೆಂಬ ಮಾತು ನನ್ನ ಕಿವಿಗೂ ಬಿದ್ದಿತ್ತು.

ಅಂದು ಗುಮ್ಮಟದ ಗೋಡೆಗೆ ಒರಗಿ ನಿಂತಾಗ ನನಗೆ ನೆನಪಾದವನು ಲಾರ್ಡ್ ಕರ್ಜನ್. ವಿಜಯಪುರದ ಹಳೆಯ ಕಟ್ಟಡಗಳಿಗೂ ಅವನಿಗೂ ಸಂಬಂಧವುಂಟು; ಬೆನ್ನುನೋವಿಗೂ ಅವನಿಗೂ ಅದಕ್ಕಿಂತ ಹಳೆಯ ಸಂಬಂಧ. ವಂಗಭಂಗ ಮಾಡಿದ ದರ್ಪಿಷ್ಠನೆಂದು ಶಾಲೆಯಲ್ಲಿ ಓದಿದ್ದ ಆ ವೈಸರಾಯನ ಜೀವನವನ್ನು ಊರಿಗೆ ಮರಳಿದ ಮೇಲೆ ಹೊಸದಾಗಿ ಓದತೊಡಗಿದೆ.

ಜಾರ್ಜ್ ನಥಾನಿಯಲ್ ಕರ್ಜನ್ ಹುಟ್ಟಿದ್ದು 1859ರ ಜನವರಿ 11ರಂದು, ಇಂಗ್ಲೆಂಡಿನ ಡರ್ಬಿಷೈರಿನಲ್ಲಿರುವ ಕೆಡಲ್‌ಸ್ಟನ್ ಎಂಬ ಮಹಾಸೌಧದಲ್ಲಿ. ಕಲಕತ್ತೆಯ ಗವರ್ನರ್ ಜನರಲ್ಲರ ಭವನವನ್ನು ಕಟ್ಟಿದ್ದು ಅದೇ ಸೌಧದ ಮಾದರಿಯಲ್ಲಿ. ಮನೆ ವಿಶಾಲವಾಗಿದ್ದರೂ ಬಾಲ್ಯ ಸುಖದ್ದಾಗಿರಲಿಲ್ಲ. ಮಕ್ಕಳ ಮೇಲ್ವಿಚಾರಣೆಗೆ ನೇಮಕವಾಗಿದ್ದ ಹೆಂಗಸು ಬಲು ಕ್ರೂರಿ. ತನ್ನನ್ನು ಹೊಡೆಯುವ ಬೆತ್ತವನ್ನು ಸಿದ್ಧಪಡಿಸಬೇಕೆಂದು ಮನೆಯ ಸೇವಕನಿಗೆ ಬಾಲಕನ ಕೈಯಿಂದಲೇ ಚೀಟಿ ಬರೆಯಿಸಿದವಳು ಆಕೆ. ನೋವನ್ನು ಬಾಯಿಬಿಡದೆ ನುಂಗಬೇಕೆಂಬ ಪಾಠವನ್ನು ಆತನು ಅಕ್ಷರಾಭ್ಯಾಸದ ಜೊತೆಯಲ್ಲೇ ಕಲಿತನೆನ್ನಬೇಕು.

ಹದಿಹರೆಯದಲ್ಲಿ ಕುದುರೆ ಸವಾರಿ ಮಾಡುವಾಗ ಬೆನ್ನೆಲುಬಿಗೆ ಪೆಟ್ಟಾಯಿತು. 1878ರಲ್ಲಿ ಆಕ್ಸ್‌ಫರ್ಡಿಗೆ ಸೇರುವ ಹೊತ್ತಿಗೆ ಬೆನ್ನೆಲುಬು ಡೊಂಕಾಗಿರುವುದು ತಿಳಿದುಬಂತು. ಕ್ಷಕಿರಣದ ಶೋಧಕ್ಕೆ ಇನ್ನೂ ಹದಿನೇಳು ವರ್ಷಗಳಿದ್ದವು. ಒಳಗಿನ ಎಲುಬನ್ನು ಕಣ್ಣಿನಿಂದ ಕಾಣುವ ಬಗೆಯೇ ಅಂದಿನ ವೈದ್ಯರಿಗೆ ಇರಲಿಲ್ಲ. ಲೋಹದ ಕವಚವೊಂದನ್ನು ತೊಟ್ಟು ಬೆನ್ನನ್ನು ನೆಟ್ಟಗೆ ನಿಲ್ಲಿಸುವುದೊಂದೇ ಉಪಾಯ. ಆ ಕವಚವೂ ಅದರೊಳಗಿನ ನೋವೂ ನಿದ್ದೆಯಿಲ್ಲದ ರಾತ್ರಿಗಳೂ ಆತನಿಗೆ ಜೀವನದುದ್ದಕ್ಕೂ ಜೊತೆಯಾದವು. ಕವಚ ಬಟ್ಟೆಯೊಳಗೆ ಅಡಗಿತ್ತು; ಜನರಿಗೆ ಕಂಡದ್ದು ಸೆಟೆದ ಮೈ ಮಾತ್ರ. ಆತನ ಶ್ರೇಷ್ಠತೆಯ ಹಮ್ಮನ್ನು ಅಣಕಿಸುವ ಪದ್ಯವೊಂದು ಆಕ್ಸ್‌ಫರ್ಡಿನಲ್ಲಿಯೇ ಹುಟ್ಟಿ, ಕೊನೆಯವರೆಗೂ ಅವನನ್ನು ನೆರಳಿನಂತೆ ಹಿಂಬಾಲಿಸಿತು. ಹಮ್ಮು ಇರಲಿಲ್ಲವೆಂದಲ್ಲ, ಆದರೆ ಯಾವುದು ಹಮ್ಮು, ಯಾವುದು ಕಬ್ಬಿಣವೆಂದು ಬಿಡಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ಇಂಥ ಬೆನ್ನನ್ನು ಹೊತ್ತು ಆತನು ಮಾಡಿದ ಕೆಲಸ ಅಪಾರ. ಕುದುರೆಯ ಮೇಲೆ ಪರ್ಷಿಯಾವನ್ನು ಸುತ್ತಿ, 1892ರಲ್ಲಿ ಆ ದೇಶದ ಬಗ್ಗೆ ಎರಡು ದೊಡ್ಡ ಸಂಪುಟಗಳನ್ನು ಪ್ರಕಟಿಸಿದನು. 1894ರಲ್ಲಿ ಪಾಮೀರ್ ಪರ್ವತಗಳಿಗೂ ಹೋಗಿಬಂದನು. 1899ರ ಜನವರಿ 6ರಂದು, ನಾಲ್ವತ್ತು ತುಂಬಲು ಐದು ದಿನಗಳಿರುವಾಗ, ಭಾರತದ ವೈಸರಾಯನಾದನು. 1902ರ ಆಗಸ್ಟಿನಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟನು. ಅದೇ ವರ್ಷದ ಕೊನೆಗೆ ದೆಹಲಿಯ ದರ್ಬಾರಿಗಾಗಿ ಆನೆಯೇರಿ ಪುರಪ್ರವೇಶ ಮಾಡಿದನು. ನೋಡಿದವರಿಗೆ ಅದು ಸಾಮ್ರಾಜ್ಯದ ವೈಭವ. ಆನೆಯ ಒಂದೊಂದು ಹೆಜ್ಜೆಯೂ ಆ ಬೆನ್ನಿಗೆ ಏನು ಮಾಡಿರಬಹುದೆಂಬುದನ್ನು ನನ್ನಂಥ ರೋಗಿ ಊಹಿಸಬಲ್ಲ.

ವಿಜಯಪುರಕ್ಕೂ ಆತನು ಬಂದಿದ್ದನು. ಅಲ್ಲಿಯ ಒಂದು ಹಳೆಯ ಮಸೀದಿ ಆಗ ಸರ್ಕಾರಿ ಪ್ರಯಾಣಿಕರ ಬಂಗಲೆಯಾಗಿತ್ತು. ಅದನ್ನು ತೆರವು ಮಾಡಿಸಿದನು. ಪ್ರಾಚ್ಯವಸ್ತು ಇಲಾಖೆಗೆ ಹೊಸ ಜೀವ ತುಂಬಿ, 1902ರಲ್ಲಿ ಜಾನ್ ಮಾರ್ಷಲನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದನು. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾನೂನು ಬಂತು. ಬಿರುಕುಬಿಟ್ಟ ಗೋಡೆ, ವಾಲಿದ ಕಂಬ, ಇವುಗಳ ಸಂಕಟ ಆತನಿಗೆ ಬೇಗ ತಿಳಿಯುತ್ತಿತ್ತು. ಆಸರೆ ಕೊಟ್ಟರೆ ಬೀಳುವುದೂ ನಿಲ್ಲುತ್ತದೆಂಬುದನ್ನು ಆತನ ಮೈಯೇ ಕಲಿಸಿತ್ತೋ ಏನೋ.

ಇಲ್ಲಿಯವರೆಗೆ ಓದಿದಾಗ ನನಗೆ ಆತನ ಮೇಲೆ ಮಮತೆ ಹುಟ್ಟಿದ್ದು ನಿಜ. ಮುಂದೆ ಓದಿದಂತೆ ಮನಸ್ಸು ಕಹಿಯಾಯಿತು. ಕಲ್ಲಿನ ಸಂಕಟ ತಿಳಿದವನಿಗೆ ಮನುಷ್ಯರ ಸಂಕಟ ತಿಳಿಯಲಿಲ್ಲ. 1899-1900ರ ಭೀಕರ ಕ್ಷಾಮದಲ್ಲಿ ಪರಿಹಾರದ ಕೈ ಸಡಿಲವಾಗಬಾರದೆಂದು ಕಟ್ಟುನಿಟ್ಟು ಮಾಡಿದವನು ಆತನೇ. 1904ರ ಕಾನೂನಿನಿಂದ ವಿಶ್ವವಿದ್ಯಾಲಯಗಳ ಮೇಲೆ ಸರ್ಕಾರದ ಹಿಡಿತವನ್ನು ಬಿಗಿಮಾಡಿದನು. ಜನರ ಮೊರೆಗೆ ಕಿವಿಗೊಡದೆ ಬಂಗಾಳವನ್ನು ಸೀಳಿದನು. 1905ರ ಅಕ್ಟೋಬರ್ 16ರಂದು ಆ ವಿಭಜನೆ ಜಾರಿಗೆ ಬಂತು. ಅದರ ವಿರುದ್ಧ ಎದ್ದ ಚಳವಳಿಯ ಅಲೆ ನಮ್ಮ ಧಾರವಾಡಕ್ಕೂ ತಲುಪಿತು. ಅದರಿಂದ ಪ್ರೇರಣೆ ಪಡೆದವರಲ್ಲಿ ಆಲೂರ ವೆಂಕಟರಾಯರೂ ಒಬ್ಬರು. ಬಂಗಾಳಿಗಳ ನೋವನ್ನು ಕೇಳಿ, ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರ ನೋವನ್ನು ಅವರು ಗುರುತಿಸಿದರು.

ಸೇನಾಧಿಪತಿ ಕಿಚನರನೊಡನೆ ನಡೆದ ಅಧಿಕಾರದ ಜಗಳದಲ್ಲಿ ಸೋತ ಕರ್ಜನ್ 1905ರ ಆಗಸ್ಟಿನಲ್ಲೇ ರಾಜೀನಾಮೆ ಕೊಟ್ಟಿದ್ದನು. ಮರುವರ್ಷ ಹೆಂಡತಿ ಮೇರಿ ತೀರಿಕೊಂಡಳು. 1911ರಲ್ಲಿ ವಂಗಭಂಗ ರದ್ದಾಯಿತು. 1919ರಲ್ಲಿ ವಿದೇಶಾಂಗ ಮಂತ್ರಿಯಾದನು. 1923ರಲ್ಲಿ ಕೈಗೆಟುಕಿತೆಂದು ನಂಬಿದ್ದ ಪ್ರಧಾನಮಂತ್ರಿಯ ಪದವಿ ಬಾಲ್ಡ್‌ವಿನ್ನನ ಪಾಲಾಯಿತು. 1925ರ ಮಾರ್ಚ್ 20ರಂದು, ಅರವತ್ತಾರನೆಯ ವಯಸ್ಸಿನಲ್ಲಿ, ಆ ಬೆನ್ನಿಗೆ ವಿಶ್ರಾಂತಿ ದೊರೆಯಿತು.

ನೋವು ಮನುಷ್ಯನನ್ನು ಮೃದು ಮಾಡುತ್ತದೆಂದು ನಾವು ನಂಬುತ್ತೇವೆ. ಅದು ತಾನಾಗಿ ಯಾರನ್ನೂ ಮೃದು ಮಾಡುವುದಿಲ್ಲ. ಬಹುಕಾಲದ ನೋವಿನಲ್ಲಿ ನರಗಳೂ ಮಿದುಳೂ ನೋವನ್ನೇ ರೂಢಿ ಮಾಡಿಕೊಳ್ಳುತ್ತವೆ. ಪೆಟ್ಟು ಮಾಗಿದ ಮೇಲೂ ಕರೆಗಂಟೆ ಬಾರಿಸುತ್ತಲೇ ಇರುತ್ತವೆಂದು ಇಂದಿನ ವೈದ್ಯರು ಹೇಳುತ್ತಾರೆ. ಆ ಸದ್ದನ್ನು ಅಡಗಿಸುವ ಹಟದಲ್ಲಿ ಉಳಿದವರ ದನಿಗೂ ಕಿವಿ ಮುಚ್ಚಿಹೋಗುವುದುಂಟು. ನಾನು ಸಹಿಸುತ್ತಿಲ್ಲವೇ, ನೀನೇಕೆ ಸಹಿಸಲಾರೆ ಎಂಬ ಕಠೋರತೆ ಅಲ್ಲಿಂದಲೇ ಹುಟ್ಟುತ್ತದೆ. ಕರ್ಜನ್ನನ ಕ್ರೌರ್ಯಕ್ಕೆಲ್ಲ ಬೆನ್ನುನೋವೇ ಕಾರಣವೆಂದು ನಾನು ಹೇಳಲಾರೆ. ಸಾಮ್ರಾಜ್ಯದ ಮದಕ್ಕೆ ಬೆನ್ನುನೋವು ಬೇಕಿಲ್ಲ. ಈ ಕಠೋರತೆಯ ಮಾತನ್ನು ನನ್ನ ಅನುಭವದಿಂದ ಆಡುತ್ತಿದ್ದೇನೆ.

ಈ ಓದು ಮುಗಿದ ವಾರದಲ್ಲೇ ತರಗತಿಯಲ್ಲಿ ಹುಡುಗನೊಬ್ಬ ಒಂದು ಕಾಲನ್ನು ಬೆಂಚಿನಿಂದ ಹೊರಗೆ ನೀಡಿ ಕುಳಿತಿದ್ದ. ಅಂದು ನನಗೆ ನೋವು ಹೆಚ್ಚಾಗಿತ್ತು. ಮರ್ಯಾದೆ ಕಲಿಯೆಂದು ಎಲ್ಲರೆದುರು ಗದರಿಸಿದೆ. ಅವನು ಮಾತಾಡದೆ, ಹಲ್ಲು ಕಚ್ಚಿ ಕಾಲನ್ನು ಒಳಗೆಳೆದುಕೊಂಡ. ಪಾಠ ಮುಗಿದ ಮೇಲೆ ಅವನ ಗೆಳೆಯ ಬಂದು, ಹೊಲದಲ್ಲಿ ಬಿದ್ದು ಅವನ ಮೊಣಕಾಲು ಬಾತಿದೆಯೆಂದು ಹೇಳಿದ. ನನ್ನ ಬೆನ್ನನ್ನು ಲೋಕ ತಪ್ಪಾಗಿ ಓದಿತೆಂದು ಕೊರಗುತ್ತಿದ್ದವನು ಅವನ ಕಾಲನ್ನು ಹಾಗೆಯೇ ತಪ್ಪಾಗಿ ಓದಿದ್ದೆ.

ಮರುದಿನ ಎಲ್ಲರೆದುರೇ ಅವನಲ್ಲಿ ತಪ್ಪಾಯಿತೆಂದೆ. ನನ್ನ ಬೆನ್ನಿನ ಸಂಗತಿಯನ್ನೂ, ವಿಜಯಪುರದಲ್ಲಿ ಹೇಳಿದ ಸುಳ್ಳನ್ನೂ ತಿಳಿಸಿದೆ. ಕೂಡಲೇ ಒಬ್ಬಳು ಎದ್ದು ಕುರ್ಚಿ ತಂದಿಟ್ಟಳು. ಕುಳಿತರೇ ನೋವು ಹೆಚ್ಚಮ್ಮಾ ಎಂದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.