ಗೋಪುರದ ಮೇಲಿನ ಗೊಂಬೆಗಳು

ಬರ್ಲಿನ್‌ನಲ್ಲಿ ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನ ಒಂದು ಚೌಕವಿದೆ. ಹುಂಬೋಲ್ಟ್ ವಿಶ್ವವಿದ್ಯಾಲಯದ ಎದುರು ಅವರ ಪ್ರತಿಮೆಯೂ ಇದೆ. ಅದರ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದರೂ, ಇವರು ಯಾರು ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಹರ್ಮನ್ ಹೆಲ್ಮ್‌ಹೋಲ್ಟ್ಸ್ 1821ರ ಆಗಸ್ಟ್ 31ರಂದು ಪಕ್ಕದ ಪಾಟ್ಸ್‌ಡಾಮ್ ಊರಿನಲ್ಲಿ ಹುಟ್ಟಿದರು. ತಂದೆ ಶಾಲೆಯ ಮೇಷ್ಟ್ರು. ಮಗುವಿಗೆ ಮೊದಲ ಏಳು ವರ್ಷ ಕಾಯಿಲೆಯೋ ಕಾಯಿಲೆ. ಮನೆಯೊಳಗೇ, ಎಷ್ಟೋ ದಿನ ಹಾಸಿಗೆಯಲ್ಲೇ, ಮರದ ತುಂಡುಗಳನ್ನು ಜೋಡಿಸಿ ಆಡುತ್ತಿದ್ದ. ಮುಂದೆ ಶಾಲೆಯಲ್ಲಿ ರೇಖಾಗಣಿತ ಶುರುವಾದಾಗ ಮೇಷ್ಟ್ರಿಗೆ ಆಶ್ಚರ್ಯವಾಯಿತು. ಹುಡುಗನಿಗೆ ಎಷ್ಟೋ ವಿಷಯ ಮೊದಲೇ ಗೊತ್ತಿತ್ತು, ಆ ಮರದ ತುಂಡುಗಳೇ ಕಲಿಸಿದ್ದವು. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಬಾಯಿಪಾಠ ಮಾಡಲು ಅವರಿಗೆ ಆಗುತ್ತಿರಲಿಲ್ಲ. (ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು.)

ಇನ್ನೂ ಚಿಕ್ಕವರಿದ್ದಾಗ ಒಂದು ದಿನ ತಾಯಿಯ ಜೊತೆ ಊರಿನ ಗ್ಯಾರಿಸನ್ ಚರ್ಚಿನ ಹತ್ತಿರ ಹೋಗುತ್ತಿದ್ದರು. ಎತ್ತರದ ಗೋಪುರದ ಮೇಲೆ ಕೆಲವರು ನಿಂತಿದ್ದರು. ಮಗುವಿಗೆ ಅವು ಪುಟ್ಟ ಗೊಂಬೆಗಳಂತೆ ಕಂಡವು. ಕೈ ಚಾಚಿ ಅವನ್ನು ಇಳಿಸಿ ಕೊಡು ಎಂದು ಅಮ್ಮನನ್ನು ಕೇಳಿತು. ಎಲ್ಲ ಮಕ್ಕಳೂ ಇಂಥದ್ದು ಕೇಳುತ್ತಾರೆ, ದೊಡ್ಡವರು ನಕ್ಕು ಮರೆಯುತ್ತಾರೆ. ಹೆಲ್ಮ್‌ಹೋಲ್ಟ್ಸ್ ಮರೆಯಲಿಲ್ಲ.

ಅವರಿಗೆ ಭೌತಶಾಸ್ತ್ರ ಓದುವ ಆಸೆ. ಮನೆಯಲ್ಲಿ ಅಷ್ಟು ಹಣವಿರಲಿಲ್ಲ. ಸೈನ್ಯದಲ್ಲಿ ವೈದ್ಯರಾಗಿ ಕೆಲಸ ಮಾಡುವ ಕರಾರಿನ ಮೇಲೆ ಸರ್ಕಾರದ ಖರ್ಚಿನಲ್ಲಿ ವೈದ್ಯಕೀಯ ಓದಿದರು. ಆ ಕೆಲಸದಲ್ಲಿರುವಾಗಲೇ, 1847ರಲ್ಲಿ, ಶಕ್ತಿಯ ಸಂರಕ್ಷಣೆಯ ಬಗ್ಗೆ ಬರೆದರು. 1851ರಲ್ಲಿ ಜೀವಂತ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಪ್ರಕಟಿಸಿದರು. ಇವತ್ತಿಗೂ ಕಣ್ಣಿನ ಡಾಕ್ಟರು ಅದರ ಸುಧಾರಿಸಿದ ರೂಪವನ್ನೇ ಹಿಡಿದು ನಮ್ಮ ಕಣ್ಣನ್ನು ನೋಡುತ್ತಾರೆ.

ಕಣ್ಣಿನ ಒಳಗೆ ನೋಡಿದ ಮೇಲೆ ಅವರಿಗೆ ಇನ್ನೊಂದು ಪ್ರಶ್ನೆ ಬಂತು. ಕಣ್ಣಿನ ಹಿಂಭಾಗದಲ್ಲಿ ಬೀಳುವುದು ಬರೀ ಬೆಳಕು. ಅದು ಹತ್ತಿರದ ಗೊಂಬೆಯೋ ದೂರದ ಮನುಷ್ಯನೋ ಎಂದು ಹೇಳುವವರು ಯಾರು? ಹಳೆಯ ಅನುಭವ ಹೇಳುತ್ತದೆ, ಎಂದರು. ನಮಗೆ ಗೊತ್ತಾಗದಂತೆ, ತಡೆಯಲು ಆಗದಷ್ಟು ಬೇಗ ಮನಸ್ಸು ಒಂದು ತೀರ್ಮಾನ ಮಾಡುತ್ತದೆ. ಅದನ್ನೇ ನಾವು ನೋಡುವುದು ಎನ್ನುತ್ತೇವೆ. ಕತ್ತಲಲ್ಲಿ ಕಣ್ಣು ಮುಚ್ಚಿ, ಕಿವಿಯ ಕಡೆಯ ಮೂಲೆಯನ್ನು ಬೆರಳಿನಿಂದ ಮೆತ್ತಗೆ ಒತ್ತಿ. ಬೆಳಕಿನ ಉಂಗುರ ಮೂಗಿನ ಕಡೆ ಕಾಣುತ್ತದೆ. ಕಣ್ಣಿನ ಆ ಭಾಗಕ್ಕೆ ಇಷ್ಟು ವರ್ಷ ಬೆಳಕು ಬಂದದ್ದು ಮೂಗಿನ ಕಡೆಯಿಂದಲೇ. ಒತ್ತುತ್ತಿರುವುದು ಬೆರಳು ಎಂದು ಗೊತ್ತಿದ್ದರೂ ಉಂಗುರ ಜಾಗ ಬದಲಿಸುವುದಿಲ್ಲ.

ಎಲ್ಲವನ್ನೂ ಪಕ್ಕಕ್ಕೆ ಸರಿಸಿ ತೋರಿಸುವ ಪ್ರಿಸಮ್ ಕನ್ನಡಕವನ್ನೂ ಅವರು ಹಾಕಿ ನೋಡಿದರು. ಮೊದಲು ಕೈ ಗುರಿ ತಪ್ಪಿತು. ಸ್ವಲ್ಪ ಹೊತ್ತಿನಲ್ಲಿ ಸರಿಯಾಯಿತು. ಕನ್ನಡಕ ತೆಗೆದ ಮೇಲೆ ಕೈ ವಿರುದ್ಧ ದಿಕ್ಕಿಗೆ ತಪ್ಪಿತು! ಇವನ್ನೆಲ್ಲ ಕಣ್ಣಿನ ಬಗೆಗಿನ ದೊಡ್ಡ ಗ್ರಂಥದಲ್ಲಿ ಬರೆದರು. ಅದು 1867ರಲ್ಲಿ ಪೂರ್ಣವಾಯಿತು. ಗೋಪುರದ ಗೊಂಬೆಗಳ ಕಥೆಯೂ ಅದರಲ್ಲಿದೆ. ನೋಟದ ಬಹುಭಾಗ ಹುಟ್ಟಿನಿಂದಲೇ ಬರುತ್ತದೆ ಎಂದು ಎವಾಲ್ಡ್ ಹೇರಿಂಗ್ ಎಂಬ ವಿಜ್ಞಾನಿ ವಾದಿಸಿದರು. ಆ ವಾದ ಬಹಳ ವರ್ಷ ನಡೆಯಿತು.

ಮಗು ಮಾತೃಭಾಷೆಯ ಪದಗಳ ಅರ್ಥವನ್ನು ಕಲಿಯುವ ಹಾಗೆಯೇ ಕಣ್ಣು ಕೊಡುವ ಗುರುತುಗಳ ಅರ್ಥವನ್ನೂ ಕಲಿಯುತ್ತದೆ ಎಂಬುದು ಹೆಲ್ಮ್‌ಹೋಲ್ಟ್ಸ್ ಅವರ ವಿಚಾರ. ಇಲ್ಲಿ ನನಗೆ ನಮ್ಮ ಕನ್ನಡ ತರಗತಿ ನೆನಪಾಯಿತು. ಹೆಚ್ಚಾಗಿ ಜರ್ಮನ್ ಕೇಳಿ ಬೆಳೆದ ನನಗೆ ಲ ಮತ್ತು ಳ ಒಂದೇ ಥರ ಕೇಳುತ್ತಿದ್ದವು. ರಜೆಯಲ್ಲಿ ಅಜ್ಜಿಯ ಹಲ್ಲಿಗೆ ಹೋಗಿದ್ದೆ ಎಂದು ಬರೆದು ಎಲ್ಲರನ್ನೂ ನಗಿಸಿದ್ದೇನೆ. ಗಮನ ಕೊಡು ಎಂದು ಮನೆಯಲ್ಲಿ ಹೇಳುತ್ತಿದ್ದರು. ಗಮನ ಕೊಡುತ್ತಲೇ ಇದ್ದೆ, ವ್ಯತ್ಯಾಸ ಕೇಳಿಸುತ್ತಿರಲಿಲ್ಲ. ಮೂರನೆಯ ವರ್ಷವೋ ಏನೋ, ಒಂದು ಶನಿವಾರ ಕೇಳಿಸಿತು. ಈಗ ಅವೆರಡು ಒಂದೇ ಆಗಿ ಹೇಗೆ ಕೇಳುತ್ತಿದ್ದವು ಎಂದು ನೆನಪಿಸಿಕೊಳ್ಳಲೂ ಆಗುವುದಿಲ್ಲ.

ಹೆಲ್ಮ್‌ಹೋಲ್ಟ್ಸ್ 1871ರಲ್ಲಿ ಬರ್ಲಿನ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಹುಡುಗನಾಗಿದ್ದಾಗಿನ ಆಸೆ ಐವತ್ತನೆಯ ವಯಸ್ಸಿನಲ್ಲಿ ಕೈಗೂಡಿತು. 1893ರಲ್ಲಿ ಅಮೆರಿಕಕ್ಕೆ ಹೋಗಿ ಮರಳುವಾಗ ಹಡಗಿನ ಮೆಟ್ಟಿಲಿನಲ್ಲಿ ಬಿದ್ದು ಪೆಟ್ಟಾಯಿತು. ಮರುವರ್ಷ ಸೆಪ್ಟೆಂಬರ್ 8ರಂದು ತೀರಿಕೊಂಡರು.

ಗ್ಯಾರಿಸನ್ ಚರ್ಚು 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು, 1968ರಲ್ಲಿ ಉಳಿದದ್ದನ್ನೂ ಕೆಡವಿದರು. ಗೋಪುರವನ್ನು ಮತ್ತೆ ಕಟ್ಟಿ 2024ರಲ್ಲಿ ಜನರಿಗೆ ತೆರೆದಿದ್ದಾರೆ. ಈ ಲೇಖನಕ್ಕಾಗಿ ಅಮ್ಮನ ಜೊತೆ ಅಲ್ಲಿಗೆ ಹೋಗಿದ್ದೆ. ಮೇಲೆ ಕೆಲವರು ನಿಂತಿದ್ದರು. ಅವರನ್ನು ಗೊಂಬೆಗಳಂತೆ ನೋಡಲು ಬಹಳ ಹೊತ್ತು ಪ್ರಯತ್ನಿಸಿದೆ. ಅಮ್ಮನಿಗೆ ಕತ್ತು ನೋವು ಬಂತು. ನನಗೆ ಕಂಡದ್ದು ದೂರದಲ್ಲಿ ನಿಂತ ಮನುಷ್ಯರೇ.