ಆಟದ ವಿಮಾನದ ಅಂಗಡಿ ಇಟ್ಟ ಸಿನಿಮಾ ಹೀರೊ: ರೆಜಿನಾಲ್ಡ್ ಡೆನ್ನಿ ಕತೆ

1934ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಹಾಲಿವುಡ್ ಬುಲೆವಾರ್ಡ್ ರಸ್ತೆಯಲ್ಲಿ ಹೊಸದೊಂದು ಅಂಗಡಿ ಬಾಗಿಲು ತೆರೆಯಿತು. ಆಟದ ವಿಮಾನ ಕಟ್ಟುವ ಸಾಮಾನಿನ ಅಂಗಡಿ. ಆಗ ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಬ್ಯಾಂಕುಗಳು ಮುಳುಗಿ, ಕೆಲಸ ಹೋಗಿ, ಜನ ಒಂದು ಹೊತ್ತಿನ ಊಟಕ್ಕೆ ಸಾಲು ನಿಂತಿದ್ದರು. ಅಂಥ ಹೊತ್ತಲ್ಲಿ ಬಾಲ್ಸಾ ಕಡ್ಡಿ, ತೆಳು ಕಾಗದ, ಅಂಟು ಮಾರೋಕೆ ಬಂಡವಾಳ ಹಾಕೋದು ಅಂದ್ರೆ ವ್ಯಾಪಾರ ಬಲ್ಲವರು ನಕ್ಕುಬಿಡುವ ವಿಚಾರ. ಆದರೆ ಬೋರ್ಡಿನ ಮೇಲಿದ್ದ ಹೆಸರು ಊರಿಗೆಲ್ಲ ಗೊತ್ತಿದ್ದದ್ದು. ರೆಜಿನಾಲ್ಡ್ ಡೆನ್ನಿ, ಸಿನಿಮಾ ನಟ.

ಭಾನುವಾರ ಬೆಳಗ್ಗೆ ಖಾಲಿ ಮೈದಾನದಲ್ಲಿ ರಿಮೋಟ್ ಹಿಡಿದು ವಿಮಾನ ಹಾರಿಸುವ ಕ್ಲಬ್ಬಿನವರು ಈಗ ದೊಡ್ಡ ಊರುಗಳಲ್ಲೆಲ್ಲ ಇದ್ದಾರೆ. ಮದುವೆ ಮನೆ ಮೇಲೆ ಡ್ರೋನ್ ಬಿಡೋ ಹುಡುಗರಂತೂ ನಮ್ಮ ತಾಲ್ಲೂಕಲ್ಲೇ ಬೇಕಾದಷ್ಟು. ಇವೆರಡರ ಬೇರು ಹುಡುಕುತ್ತ ಹೋದರೆ ದಾರಿ ಈ ಅಂಗಡಿ ಮುಂದೆಯೇ ಹಾದು ಹೋಗುತ್ತೆ. ಹಾಗಾಗಿ ಡೆನ್ನಿ ಬದುಕನ್ನ ಒಮ್ಮೆ ನೋಡಬೇಕು.

ಈತ ಹುಟ್ಟಿದ್ದು 1891ರ ನವೆಂಬರ್ 20ರಂದು, ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ. ಅಪ್ಪ ಡಬ್ಲ್ಯು.ಎಚ್. ಡೆನ್ನಿ ರಂಗಭೂಮಿಯ ನಟ, ಗಾಯಕ. ನಮ್ಮ ನಾಟಕ ಕಂಪನಿಗಳ ಮನೆತನದ ಮಕ್ಕಳ ಹಾಗೆ ಹುಡುಗ ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದ. ಒಂದು ಸಂಗೀತ ನಾಟಕ ಕಂಪನಿ ಜೊತೆ ಹಾಡುಗಾರನಾಗಿ ಭಾರತಕ್ಕೂ ಬಂದು ಹೋಗಿದ್ದಾನೆ. ಜೊತೆಗೆ ಬಾಕ್ಸಿಂಗ್ ಹುಚ್ಚು ಬೇರೆ. ಮೊದಲ ಮಹಾಯುದ್ಧ ಬಂದಾಗ ಬ್ರಿಟನ್ನಿನ ವಿಮಾನ ಪಡೆ ರಾಯಲ್ ಫ್ಲೈಯಿಂಗ್ ಕೋರ್ ಸೇರಿದ. ಅಲ್ಲಿ ಹೆವಿವೇಟ್ ಬಾಕ್ಸಿಂಗ್ ಗೆದ್ದವನು. ವಿಮಾನದಲ್ಲಿ ಮೆಷಿನ್ ಗನ್ ಹಿಡಿದು ಕೂರುವ ಕೆಲಸ. ಹಾರುವ ವಸ್ತುವಿಗೆ ಗುರಿಯಿಟ್ಟು ಹೊಡೆಯೋದು ಎಷ್ಟು ಕಷ್ಟ ಅನ್ನೋದು ಈ ಮನುಷ್ಯನಿಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಮುಂದೆ ಅದೇ ಅನುಭವ ಕೈ ಹಿಡೀತು.

ಯುದ್ಧ ಮುಗಿದ ಮೇಲೆ ಅಮೆರಿಕ. ಮೂಕಿ ಸಿನಿಮಾ ಕಾಲ ಅದು. ಕಲಿತ ಬಾಕ್ಸಿಂಗ್ ದಂಡವಾಗಲಿಲ್ಲ. 1922ರಲ್ಲಿ ಶುರುವಾದ ‘ದಿ ಲೆದರ್ ಪುಷರ್ಸ್’ ಅನ್ನುವ ಬಾಕ್ಸಿಂಗ್ ಕಣದ ಸರಣಿ ಚಿತ್ರಗಳಿಂದ ಡೆನ್ನಿ ಹೆಸರು ಮಾಡಿದ. ಆಮೇಲೆ ಯೂನಿವರ್ಸಲ್ ಕಂಪನಿಯ ಹಾಸ್ಯ ಚಿತ್ರಗಳ ನಾಯಕ. ಪರದೆ ಮೇಲೆ ಈತ ಅಪ್ಪಟ ಅಮೆರಿಕನ್ ಹುಡುಗ: ಚುರುಕು, ನಗುಮುಖ, ಎಡವಟ್ಟು ಮಾಡಿಕೊಂಡು ಹೇಗೋ ಪಾರಾಗುವವನು. ಬಂದ ದುಡ್ಡಲ್ಲಿ ನಿಜವಾದ ವಿಮಾನ ಕೊಂಡು ಹಾರಿಸುತ್ತಿದ್ದ ಕೂಡ.

ಆಮೇಲೆ ಟಾಕಿ ಬಂತು. ಡೆನ್ನಿ ಬಾಯಿ ತೆರೆದರೆ ಬಂದದ್ದು ಶುದ್ಧ ಇಂಗ್ಲೆಂಡಿನ ಉಚ್ಚಾರಣೆ! ಅಮೆರಿಕನ್ ಹುಡುಗನ ಪಾತ್ರ ಅಲ್ಲಿಗೆ ಮುಗೀತು. ಮೂವತ್ತು ದಾಟಿ ನಲವತ್ತರ ಹತ್ತಿರ ಬಂದ ನಾಯಕ ನಟ ಇದ್ದಕ್ಕಿದ್ದ ಹಾಗೆ ನಾಯಕನ ಗೆಳೆಯ, ವಕೀಲ, ಮ್ಯಾನೇಜರ್ ಥರದ ಪಾತ್ರಗಳಿಗೆ ಇಳಿದ. ಹಾಗೆ ನೋಡಿದರೆ ಕೆಲಸ ನಿಲ್ಲಲಿಲ್ಲ, ಸಿನಿಮಾ ಸಿಗುತ್ತಲೇ ಇದ್ದವು. ಆದರೆ ಪೋಸ್ಟರಿನಲ್ಲಿ ದೊಡ್ಡದಾಗಿ ಇದ್ದ ಹೆಸರು ಸಣ್ಣದಾಯಿತು.

ಆಟದ ವಿಮಾನ ತಲೆಗೆ ಹೊಕ್ಕಿದ್ದು ಈ ಹೊತ್ತಿನಲ್ಲೇ. ಪಕ್ಕದ ಮನೆ ಹುಡುಗನ ಮಾದರಿ ವಿಮಾನ ಸರಿ ಮಾಡಿಕೊಡಲು ಹೋಗಿ ಹುಚ್ಚು ಹತ್ತಿಸಿಕೊಂಡ ಅಂತ ಒಂದು ಕತೆ ಹೇಳುತ್ತಾರೆ. ಇದ್ದರೂ ಇರಬಹುದು. ನಿಜ ವಿಮಾನ ಹಾರಿಸಿದವನಿಗೆ ಆಟದ ವಿಮಾನದ ತೊಂದರೆ ಬೇಗ ಗೊತ್ತಾಗುತ್ತೆ. ಆಗಿನ ಮಾದರಿ ವಿಮಾನ ಅಂದ್ರೆ ಕೈಬಿಟ್ಟರೆ ಹೋಯ್ತು. ರಬ್ಬರ್ ಸುತ್ತಿ ಬಿಟ್ಟಿದ್ದಾದರೆ ಮೈದಾನದ ಆಚೆ ತುದಿಯಲ್ಲಿ ಬೀಳುತ್ತೆ. ಪೆಟ್ರೋಲ್ ಎಂಜಿನ್ ಕೂರಿಸಿದ್ದಾದರೆ ಗಾಳಿ ಕರೆದುಕೊಂಡು ಹೋದ ಕಡೆ. ಹಾರಿಸಿದವನು ಕತ್ತೆತ್ತಿ ನೋಡುತ್ತ ಹಿಂದೆ ಓಡಬೇಕು. ತಿಂಗಳುಗಟ್ಟಲೆ ಕೂತು ಕಟ್ಟಿದ್ದು ಯಾರದೋ ಮರದಲ್ಲಿ ಸಿಕ್ಕಿಕೊಂಡರೆ ಅದೃಷ್ಟ, ಇಲ್ಲದಿದ್ದರೆ ಅದೂ ಇಲ್ಲ.

ಅಂಗಡಿಯಲ್ಲಿ ಡೆನ್ನಿ ಎರಡು ಸ್ವಂತ ಮಾಲು ಮಾರಿದ. ಒಂದು ‘ಡೆನ್ನಿಪ್ಲೇನ್’ ಹೆಸರಿನ ವಿಮಾನದ ಕಿಟ್, ಇನ್ನೊಂದು ‘ಡೆನ್ನಿಮೈಟ್’ ಅನ್ನುವ ಪುಟ್ಟ ಪೆಟ್ರೋಲ್ ಎಂಜಿನ್. ಎಂಜಿನ್ ವಿನ್ಯಾಸ ಮಾಡಿದವನು ವಾಲ್ಟರ್ ರೈಟರ್ ಎಂಬ ಎಂಜಿನಿಯರ್. ಡೆನ್ನಿ ಹೆಸರಿನ ಹಿಂದೆ ಈ ರೈಟರ್ ಕೈ ದೊಡ್ಡದಿದೆ, ಅದನ್ನ ಮರೆಯೋ ಹಾಗಿಲ್ಲ. ನಟನ ಮುಖ ನೋಡಿ ಗಿರಾಕಿ ಬಂದ, ಎಂಜಿನ್ ಸ್ಟಾರ್ಟ್ ಆಗಿದ್ದಕ್ಕೆ ಮತ್ತೆ ಬಂದ.

ಇನ್ನು ಮುಖ್ಯ ಸಂಗತಿ. ಆ ಕಾಲಕ್ಕೆ ಸೈನ್ಯದ ತೋಪುಗಾರರು ಅಭ್ಯಾಸ ಮಾಡುತ್ತಿದ್ದದ್ದು ಹೇಗೆ ಗೊತ್ತಾ? ಒಂದು ವಿಮಾನದ ಹಿಂದೆ ಉದ್ದದ ತಂತಿ ಕಟ್ಟಿ, ತುದಿಗೆ ಬಟ್ಟೆಯ ಚೀಲ ಸಿಕ್ಕಿಸಿ ಎಳೆದುಕೊಂಡು ಹೋಗೋರು. ಕೆಳಗಿನಿಂದ ಆ ಚೀಲಕ್ಕೆ ಗುಂಡು. ಚೀಲ ನೆಟ್ಟಗೆ, ನಿಧಾನಕ್ಕೆ ಹೋಗುತ್ತೆ. ಶತ್ರು ವಿಮಾನ ಹಾಗೆ ಹೋಗುತ್ತಾ? ಅದಕ್ಕಿಂತ ಹೆಚ್ಚಾಗಿ, ಚೀಲ ಎಳೆಯುವ ಪೈಲಟ್ಟಿನ ಪ್ರಾಣ. ಹೊಸ ಹುಡುಗನೊಬ್ಬ ಗುರಿ ತಪ್ಪಿಸಿದರೆ ಗುಂಡು ಯಾರ ಮೈಗೆ ಬೀಳುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಟದ ವಿಮಾನವನ್ನ ಸ್ವಲ್ಪ ದೊಡ್ಡದು ಮಾಡಿ, ನೆಲದಿಂದಲೇ ರೇಡಿಯೊದಲ್ಲಿ ತಿರುಗಿಸುವಂತಾದರೆ? ತಿರುವು ಹಾಕುತ್ತೆ, ಮೇಲೇರುತ್ತೆ, ಎರಗುತ್ತೆ. ಒಳಗೆ ಮನುಷ್ಯ ಇಲ್ಲ. ಗುಂಡು ತಗುಲಿದರೆ ಹೋದದ್ದು ಮರ, ಬಟ್ಟೆ, ಎಂಜಿನ್ ಅಷ್ಟೇ.

1935ರಲ್ಲಿ ಆರ್‌ಪಿ-1 ಅನ್ನುವ ಮೊದಲ ಮಾದರಿಯನ್ನ ಅಮೆರಿಕದ ಸೇನೆಗೆ ತೋರಿಸಿದ. ಸೇನೆ ನೋಡಿತು. ಆರ್ಡರ್ ಕೊಡಲಿಲ್ಲ.

ಇಲ್ಲಿ ಬಹಳ ಜನ ಕೈ ತೊಳೆದುಕೊಂಡು ಹೋಗಿಬಿಡುತ್ತಿದ್ದರು. ಅಂಗಡಿ ಇದೆ, ಸಿನಿಮಾ ಇದೆ, ಯಾಕೆ ಬೇಕು ಈ ಸರ್ಕಾರದ ಬಾಗಿಲು ಕಾಯುವ ಕೆಲಸ ಅಂತ. ಡೆನ್ನಿ ಬಿಡಲಿಲ್ಲ. ಹಗಲು ಸ್ಟುಡಿಯೊ, ಉಳಿದ ಹೊತ್ತು ವಿಮಾನ. 1936ರಲ್ಲಿ ತೆರೆಕಂಡ ‘ರೋಮಿಯೊ ಅಂಡ್ ಜೂಲಿಯೆಟ್’ನಲ್ಲಿ ರೋಮಿಯೊ ಗೆಳೆಯ ಬೆನ್ವೋಲಿಯೊ ಈತನೇ. ಪಾತ್ರದ ಸಂಬಳ ಬಂದ ಹಾಗೆ ಪ್ರಯೋಗ ನಡೆಯಿತು ಅಂದ್ಕೊಳ್ಳಿ. 1938ರಲ್ಲಿ ರೈಟರ್ ಮಾಡಿದ್ದ ಹೊಸ ವಿನ್ಯಾಸವನ್ನ ಕೊಂಡುಕೊಂಡು ಆರ್‌ಪಿ-2 ಕಟ್ಟಿದ. ಸೇನೆಗೆ ಮತ್ತೆ ಪ್ರದರ್ಶನ, ಮತ್ತೆ ತಿದ್ದುಪಡಿ, ಮತ್ತೆ ಹೊಸ ಮಾದರಿ. ಅಂಗಡಿಯ ಜೊತೆಗೆ ರೇಡಿಯೊಪ್ಲೇನ್ ಅನ್ನುವ ಕಂಪನಿಯೂ ಹುಟ್ಟಿತು. ಕೊನೆಗೆ 1940ರಲ್ಲಿ ಸೇನೆಯ ಗುತ್ತಿಗೆ ಸಿಕ್ಕಿತು. ಮೊದಲ ಪ್ರದರ್ಶನದಿಂದ ಐದು ವರ್ಷ.

ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದ ಮೇಲೆ ಬೇಡಿಕೆ ಹೇಳತೀರದು. ಹೆಚ್ಚು ಹೆಸರಾದ ಮಾದರಿ ಓಕ್ಯೂ-2. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 3.7 ಮೀಟರ್, ತೂಕ 47 ಕಿಲೊ, ಅಂದ್ರೆ ಒಂದು ಸಿಮೆಂಟ್ ಚೀಲಕ್ಕಿಂತ ಕಡಿಮೆ. ಎಂಜಿನ್ ಬರೀ 6 ಅಶ್ವಶಕ್ತಿ, ವೇಗ ಗಂಟೆಗೆ 137 ಕಿಲೋಮೀಟರ್ ವರೆಗೆ. ಮೂತಿಯಲ್ಲಿ ಒಂದರ ಹಿಂದೆ ಒಂದು ಎರಡು ಪಂಕ, ಒಂದು ಆ ಕಡೆ ತಿರುಗಿದರೆ ಇನ್ನೊಂದು ಈ ಕಡೆ. ಒಂದೇ ಪಂಕ ಇದ್ದರೆ ಅದು ತಿರುಗುವ ಎದುರು ದಿಕ್ಕಿಗೆ ಹಗುರ ವಿಮಾನ ವಾಲುತ್ತೆ, ಅದಕ್ಕೆ ಈ ಉಪಾಯ. ಕವಣೆ ಥರದ ಯಂತ್ರದಿಂದ ಮೇಲಕ್ಕೆ ಎಸೆಯೋದು, ಗುಂಡಿಗೆ ಸಿಗದೆ ಉಳಿದರೆ ಪ್ಯಾರಾಚೂಟ್ ಬಿಚ್ಚಿ ಇಳಿಸೋದು. ಯುದ್ಧ ಮುಗಿಯುವಷ್ಟರಲ್ಲಿ ಈ ಕಂಪನಿಯಿಂದ ಹೊರಬಿದ್ದ ಗುರಿ ವಿಮಾನಗಳು ಹೆಚ್ಚುಕಡಿಮೆ 15,000. ಒಡೆಯಲೆಂದೇ ಮಾಡಿದ ಮಾಲು. ಒಡೆದಷ್ಟೂ ಹೊಸ ಆರ್ಡರ್. ಯಾವ ಅಂಗಡಿಯವನಿಗೆ ಇಂಥ ಗಿರಾಕಿ ಸಿಗುತ್ತಾನೆ ಹೇಳಿ!

ಕಾರ್ಖಾನೆ ಇದ್ದದ್ದು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಕೆಲಸಕ್ಕೆ ಹೆಣ್ಣುಮಕ್ಕಳು ಬಂದರು. ಅದರಲ್ಲಿ ನೋರ್ಮಾ ಜೀನ್ ಡೊಹರ್ಟಿ ಅಂತ ಹದಿನೆಂಟರ ಹುಡುಗಿ. ಗಂಡ ಹಡಗಿನಲ್ಲಿ ದೂರ ಹೋಗಿದ್ದ, ಈಕೆ ಪ್ಯಾರಾಚೂಟ್ ತಪಾಸಣೆ, ವಿಮಾನದ ಬಟ್ಟೆಗೆ ವಾರ್ನಿಷ್ ಹೊಡೆಯುವ ಕೆಲಸ ಮಾಡುತ್ತಿದ್ದಳು. ಯುದ್ಧದ ಕೆಲಸ ಮಾಡುವ ಹೆಂಗಸರ ಫೋಟೊ ಬೇಕು ಅಂತ ಸೇನೆಯ ಸಿನಿಮಾ ಘಟಕದಿಂದ ಡೇವಿಡ್ ಕನೋವರ್ ಎಂಬ ಛಾಯಾಗ್ರಾಹಕ 1944ರ ಕೊನೆಯಲ್ಲಿ ಅಲ್ಲಿಗೆ ಬಂದ. ಆತನ ಕಣ್ಣಿಗೆ ಈಕೆ ಬಿದ್ದಳು. ಕೆಲವೇ ದಿನದಲ್ಲಿ ಕಾರ್ಖಾನೆ ಬಿಟ್ಟು ಮಾಡೆಲ್ ಆದಳು. ಆಮೇಲೆ ಜಗತ್ತು ಆಕೆಯನ್ನ ಮರ್ಲಿನ್ ಮನ್ರೊ ಅಂತ ಕರೀತು. ಕನೋವರ್‌ನನ್ನ ಕಳಿಸಿದ ಅಧಿಕಾರಿ ಹೆಸರು ರೊನಾಲ್ಡ್ ರೇಗನ್. ಹೌದು, ಮುಂದೆ ಅಮೆರಿಕದ ಅಧ್ಯಕ್ಷನಾದ ಅದೇ ರೇಗನ್.

ಈ ಕತೆ ಎಷ್ಟು ಮಜವಾಗಿದೆ ಅಂದ್ರೆ ಡೆನ್ನಿ ಬಗ್ಗೆ ಬರೆಯುವವರೆಲ್ಲ ಇಲ್ಲಿಗೇ ನಿಲ್ಲುತ್ತಾರೆ. ಮೈದಾನದ ಕಡೆ ಯಾರೂ ಬರೋದಿಲ್ಲ. ಅಲ್ಲೂ ಅದೇ ವರ್ಷಗಳಲ್ಲಿ ಬೇರೆಯವರು ಒದ್ದಾಡುತ್ತಿದ್ದರು. 1937ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಅಮೆರಿಕದ ರಾಷ್ಟ್ರೀಯ ಮಾದರಿ ವಿಮಾನ ಸ್ಪರ್ಧೆಯಲ್ಲಿ ಮೊದಲ ಸಲ ರೇಡಿಯೊ ವಿಭಾಗ ಇಟ್ಟರು, ಚೆಸ್ಟರ್ ಲಾಂಜೊ ಗೆದ್ದ. ಮರುವರ್ಷ ಗುಡ್ ಎಂಬ ಅವಳಿ ಸಹೋದರರ ‘ಗಫ್’ ಗೆದ್ದಿತು. ಆ ವಿಮಾನ ಈಗ ವಸ್ತುಸಂಗ್ರಹಾಲಯದಲ್ಲಿದೆ. ಆಗ ರೇಡಿಯೊ ಅಂದ್ರೆ ಗಾಜಿನ ವಾಲ್ವು, ಭಾರದ ಬ್ಯಾಟರಿ. ಅದನ್ನೆಲ್ಲ ಹೊತ್ತು ಏಳಬೇಕಾದರೆ ವಿಮಾನವೂ ಆಳೆತ್ತರ ಇರಬೇಕಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ತೂಕ ಇಳೀತು, ಬಡ ಮಧ್ಯಮ ವರ್ಗದ ಕೈಗೂ ಎಟುಕಿತು. ಆದರೂ ಇಬ್ಬರ ರಿಮೋಟ್ ಒಂದೇ ತರಂಗದಲ್ಲಿದ್ದರೆ ಒಬ್ಬನ ವಿಮಾನ ನೆಲಕ್ಕೆ ಬಡಿಯೋದು ಗ್ಯಾರಂಟಿ. ಅದಕ್ಕೇ ಕ್ಲಬ್ಬುಗಳಲ್ಲಿ ಒಂದು ಹಲಗೆ ಇಟ್ಟು, ತರಂಗದ ನಂಬರಿನ ಕ್ಲಿಪ್ ಸಿಕ್ಕಿಸಿರೋರು. ಕ್ಲಿಪ್ ಯಾರ ಹತ್ತಿರ ಇದೆಯೋ ಅವನೇ ರಿಮೋಟ್ ಆನ್ ಮಾಡಬೇಕು. 2.4 ಗಿಗಾಹರ್ಟ್ಸ್ ರಿಮೋಟ್ ಬಂದ ಮೇಲಷ್ಟೇ ಈ ತಾಪತ್ರಯ ತಪ್ಪಿದ್ದು.

ರೇಡಿಯೊಪ್ಲೇನ್ ಕಂಪನಿಯನ್ನ 1952ರಲ್ಲಿ ನಾರ್ತ್ರಾಪ್ ಎಂಬ ದೊಡ್ಡ ವಿಮಾನ ಕಂಪನಿ ಕೊಂಡುಕೊಂಡಿತು. ಅಲ್ಲಿಂದ ಮುಂದೆ ಗುರಿ ವಿಮಾನಕ್ಕೆ ಕ್ಯಾಮೆರಾ ಕೂರಿಸಿ, ಶತ್ರು ಜಾಗದ ಫೋಟೊ ತೆಗೆಯುವ ‘ಫಾಲ್ಕನರ್’ ಬಂತು. ಈಗಿನ ಕ್ಯಾಮೆರಾ ಡ್ರೋನಿಗೆ ಅದನ್ನ ಅಜ್ಜ ಅನ್ನಬಹುದು. ಪೈಲಟ್ಟಿನ ಪ್ರಾಣ ಉಳಿಸೋಕೆ ಅಂತ ಹೊರಟದ್ದು ಎಲ್ಲಿಗೆ ಬಂದು ಮುಟ್ಟಿತು ಅನ್ನೋದು ಈಚಿನ ಯುದ್ಧಗಳ ಸುದ್ದಿ ನೋಡುವ ಎಲ್ಲರಿಗೂ ಗೊತ್ತಿದೆ. ಇನ್ನು ಗುರಿ ವಿಮಾನದ ಹಳೇ ಕೆಲಸ ನಿಂತಿಲ್ಲ. ನಮ್ಮ ಸೇನೆಗೆ ಆ ಕೆಲಸಕ್ಕೆ ಇರುವ ‘ಲಕ್ಷ್ಯ’ ವಿಮಾನವನ್ನ ರೂಪಿಸಿದ್ದು ನಮ್ಮ ಬೆಂಗಳೂರಿನಲ್ಲೇ, ಡಿಆರ್‌ಡಿಒದ ಎಡಿಇ ಸಂಸ್ಥೆಯಲ್ಲಿ.

ಕಂಪನಿ ಹೋದ ಮೇಲೂ ಡೆನ್ನಿ ನಟನೆ ಬಿಡಲಿಲ್ಲ. ಹಿಚ್‌ಕಾಕ್‌ನ ‘ರೆಬೆಕಾ’ದಲ್ಲಿ ಆಗಲೇ ಎಸ್ಟೇಟ್ ಮ್ಯಾನೇಜರ್ ಆಗಿದ್ದ; 1965ರ ‘ಕ್ಯಾಟ್ ಬಲೂ’, 1966ರ ‘ಬ್ಯಾಟ್‌ಮ್ಯಾನ್’ವರೆಗೆ ಪಾತ್ರ ಮಾಡಿದ. ಬ್ಯಾಟ್‌ಮ್ಯಾನ್‌ನಲ್ಲಿ ಖಳರು ಅಪಹರಿಸಿದ್ದೇ ತಿಳಿಯದೆ ಇನ್ನೂ ಹಡಗಿನಲ್ಲಿದ್ದೇನೆ ಅಂದುಕೊಂಡು ಆರಾಮಾಗಿ ಕೂತಿರುವ ಮುದುಕ ಈತನೇ. 1967ರ ಜೂನ್ 16ರಂದು ತೀರಿಕೊಂಡ, 75 ವರ್ಷ. ತಾನು ಹುಟ್ಟಿದ ರಿಚ್ಮಂಡ್‌ಗೆ ಹೋಗಿದ್ದಾಗಲೇ ಸಾವು ಬಂದದ್ದು.

ಹಾಲಿವುಡ್ ಬುಲೆವಾರ್ಡ್ ಫುಟ್‌ಪಾತಿನ ಮೇಲೆ ಡೆನ್ನಿ ಹೆಸರಿನ ನಕ್ಷತ್ರ ಇದೆ. ಅಂಗಡಿ ಇದ್ದದ್ದೂ ಅದೇ ರಸ್ತೆಯಲ್ಲಿ. ನಕ್ಷತ್ರ ಕೊಟ್ಟಿರೋದು ಮಾತ್ರ ಸಿನಿಮಾಕ್ಕೆ.